ಪಂಪ್ ಕೆಲಸ ಮಾಡಿಸಿದ ಮೇಲೆ ಬಿಳಿ ಹೊಗೆ, ಘಾಟಿಯಲ್ಲಿ ಎಳೆಯುತ್ತಿಲ್ಲ: 697 ಎಂಜಿನ್ ಟೈಮಿಂಗ್ ಗೊತ್ತಿರುವವರು ಹೇಳಿ

ಹಿರಿಯೂರು ಲಾರಿ (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನನ್ನದು ಟಾಟಾ ಆರು ಸಿಲಿಂಡರ್ ಲಾರಿ. ಹಳೇ 697 ಎಂಜಿನ್, ಟರ್ಬೊ ಇಲ್ಲ. ಡೀಸೆಲ್ ಒತ್ತಿ ಕೊಡುವುದು ಮೈಕೋ ಲೈನ್ ಪಂಪ್. ಅಪ್ಪ ಓಡಿಸಿದ ಗಾಡಿ, ಈಗ ನಾನೇ ಓಡಿಸುತ್ತಿದ್ದೇನೆ. ಹಿರಿಯೂರಿನಿಂದ ಮಂಗಳೂರಿಗೆ ಜೋಳ ಹಾಕುತ್ತೇನೆ, ವಾಪಸ್ ಬರುವಾಗ ಗೊಬ್ಬರ.

ಕಳೆದ ತಿಂಗಳು ಪಂಪ್ ಬಿಚ್ಚಿ ಒಂದು ಪಂಪ್ ಸರ್ವಿಸ್‌ಗೆ ಕೊಟ್ಟೆ. ಎಲಿಮೆಂಟ್ (ಸಿಲಿಂಡರ್‌ಗೊಂದರಂತೆ ಡೀಸೆಲ್ ಒತ್ತುವ ಪ್ಲಂಜರ್-ಬ್ಯಾರಲ್ ಜೋಡಿ) ಆರೂ ಬದಲಾಯಿಸಿ, ಟೆಸ್ಟ್ ಬೆಂಚ್ ಮೇಲೆ ಹಾಕಿ ಕೊಟ್ಟರು. ನಮ್ಮ ಮೇಸ್ತ್ರಿ ವಾಪಸ್ ಕೂರಿಸಿದರು. ಪಂಪ್ ಮತ್ತು ಎಂಜಿನ್ ಮೇಲಿನ ಹಳೇ ಗೆರೆಗೆ ಗೆರೆ ಸರಿಯಾಗಿ ಕೂರಿಸಿದ್ದನ್ನು ನಾನೇ ಟಾರ್ಚ್ ಹಿಡಿದು ನೋಡಿದ್ದೇನೆ. ಆದರೂ ಅವತ್ತಿನಿಂದ ಗಾಡಿ ಗಾಡಿಯಾಗಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಹತ್ತು ನಿಮಿಷ ಬಿಳಿ ಹೊಗೆ, ಕಣ್ಣು ಉರಿಯುತ್ತದೆ. ಶಿರಾಡಿ ಘಾಟಿಯಲ್ಲಿ ಮೂರನೇ ಗೇರ್‌ನಲ್ಲಿ ಹತ್ತುತ್ತಿದ್ದ ಕಡೆ ಈಗ ಎರಡಕ್ಕೆ ಇಳಿಯಬೇಕು. ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಗುತ್ತಿದೆ. ಲೋಡ್ ಮೇಲೆ ಲೀಟರ್‌ಗೆ 4.2 ಬರುತ್ತಿದ್ದದ್ದು ಈಗ 3.4. ಒಂದು ಟ್ರಿಪ್‌ಗೆ ಎಷ್ಟು ಡೀಸೆಲ್ ಜಾಸ್ತಿ ಅಂತ ನೀವೇ ಲೆಕ್ಕ ಹಾಕಿ.

ಪಂಪ್ ಸರ್ವಿಸ್‌ನವರು "ಪಂಪ್ ಸರಿ ಇದೆ, ಎಂಜಿನ್ ನೋಡಿಸಿ" ಅನ್ನುತ್ತಾರೆ. ಮೇಸ್ತ್ರಿ "ಎಂಜಿನ್ ಸರಿ ಇದೆ, ಪಂಪ್ ನೋಡಿಸಿ" ಅನ್ನುತ್ತಾರೆ. ನಡುವೆ ನಾನು. ಟೈಮಿಂಗ್, ಅಂದರೆ ಪಂಪ್ ಡೀಸೆಲ್ ಕೊಡುವ ಹೊತ್ತು, ತಪ್ಪಿರಬಹುದಾ?

ಘಾಟಿ ಡ್ರೈವರ್, ಸಕಲೇಶಪುರ

ತಮ್ಮ, ಇದು ಟೈಮಿಂಗ್ ಲೇಟ್ ಆಗಿರುವುದೇ. ನಮ್ಮ ಕಡೆ ಹೇಗೆ ಮಾಡುತ್ತೇವೆ ಅಂದರೆ, ಎಂಜಿನ್ ಬಿಸಿ ಮಾಡಿ, ಪಂಪ್ ಹಿಡಿದಿರುವ ನಟ್‌ಗಳನ್ನು ಸ್ವಲ್ಪ ಸಡಿಲ ಮಾಡಿ, ಎಂಜಿನ್ ಓಡುತ್ತಿರುವಾಗಲೇ ಪಂಪನ್ನು ನಿಧಾನಕ್ಕೆ ತಿರುಗಿಸಬೇಕು. ಹೊಗೆ ಕಡಿಮೆಯಾಗಿ, ಟಕ್ ಟಕ್ ಅನ್ನುವ ಶಬ್ದ ಶುರುವಾಗುವ ಜಾಗ ಸಿಗುತ್ತದೆ. ಅಲ್ಲಿಂದ ಕೂದಲೆಳೆಯಷ್ಟು ಹಿಂದಕ್ಕೆ ತಂದು ಬಿಗಿ ಮಾಡಿಬಿಡು. ಮೂವತ್ತು ವರ್ಷದಿಂದ ಹೀಗೇ ಮಾಡಿಕೊಂಡು ಬಂದಿದ್ದೇನೆ.

ದಾವಣಗೆರೆ ಗ್ಯಾರೇಜ್

ಅಣ್ಣ, ಪಂಪ್ ಮುಟ್ಟುವ ಮೊದಲು ಡೀಸೆಲ್ ಲೈನ್ ನೋಡಿ. ಪಂಪ್ ಬಿಚ್ಚಿ ಹಾಕಿದ ಗಾಡಿಗಳಲ್ಲಿ ಡೀಸೆಲ್ ಪೈಪ್ ಹಿಡಿಯುವ ಬ್ಯಾಂಜೊ ಬೋಲ್ಟ್‌ನ ತಾಮ್ರದ ವಾಷರ್ ಹಳೇದನ್ನೇ ಹಾಕಿರುತ್ತಾರೆ. ಅಲ್ಲಿ ಡೀಸೆಲ್ ಸೋರುವುದು ಕಾಣುವುದಿಲ್ಲ, ಆದರೆ ಗಾಳಿ ಎಳೆಯುತ್ತದೆ. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲ ಮಾಡಿ ಪ್ರೈಮರ್ (ಡೀಸೆಲ್ ಎಳೆಯುವ ಕೈ ಪಂಪ್) ಹೊಡೆಯಿರಿ. ನೊರೆ ಬರುತ್ತಾ ಇದ್ದರೆ ಮೊದಲು ಅದನ್ನು ಸರಿ ಮಾಡಿ. ಏರ್ ಕ್ಲೀನರ್ ಮತ್ತು ಟ್ಯಾಪೆಟ್ ಕೂಡ ನೋಡಿ. ಸಿಲಿಂಡರ್ ಒಳಗೆ ಡೀಸೆಲ್ ಸಿಂಪಡಿಸುವ ನಾಜಲ್ ಆರನ್ನೂ ಟೆಸ್ಟ್ ಮಾಡಿಸಿ. ನಾಜಲ್ ತೊಟ್ಟಿಕ್ಕುತ್ತಿದ್ದರೂ ಬೆಳಿಗ್ಗೆ ಬಿಳಿ ಹೊಗೆ ಬರುತ್ತದೆ.

ರೇಡಿಯೇಟರ್ ನೀರು ಕಡಿಮೆಯಾಗುತ್ತಿದೆಯಾ? ಹೆಡ್ ಗ್ಯಾಸ್ಕೆಟ್ ಹೋಗಿದ್ದರೂ ಬಿಳಿ ಹೊಗೆ ಬರುತ್ತದೆ, ಆದರೆ ಅದು ಹಬೆ. ಕಣ್ಣು ಉರಿಯುವುದಿಲ್ಲ. ನೀವು ಕಣ್ಣು ಉರಿಯುತ್ತದೆ ಅಂದಿರಲ್ಲ, ಅದು ಸುಡದೆ ಹೊರಗೆ ಬರುತ್ತಿರುವ ಡೀಸೆಲ್.

ಡಿಪೋ ಪಂಪ್ ಸೆಕ್ಷನ್

ನಾನು ಬಸ್ ಡಿಪೋದ ಪಂಪ್ ಸೆಕ್ಷನ್‌ನಲ್ಲಿ 26 ವರ್ಷ ಕೆಲಸ ಮಾಡಿ ರಿಟೈರ್ ಆದವನು. ಇದೇ 697 ಎಂಜಿನ್‌ಗಳ ನಡುವೆ ಬೆಳೆದವನು. ಆರು ಸಿಲಿಂಡರ್, 97 ಮಿಲಿಮೀಟರ್ ಬೋರ್, ಅದಕ್ಕೇ ಆ ಹೆಸರು. 128 ಸ್ಟ್ರೋಕ್, ಒಟ್ಟು 5675 ಸಿಸಿ. ಫೈರಿಂಗ್ ಆರ್ಡರ್ 1-5-3-6-2-4.

ದಾವಣಗೆರೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ಮೊದಲು ಅದನ್ನೆಲ್ಲ ಮುಗಿಸಿ. ಅದಾದ ಮೇಲೂ ಹೀಗೇ ಇದ್ದರೆ ಟೈಮಿಂಗ್ ನೋಡೋಣ.

ಸಕಲೇಶಪುರದ ಅಣ್ಣನಿಗೆ ನನ್ನ ಗೌರವ ಇದೆ. ಮೂವತ್ತು ವರ್ಷ ಘಾಟಿ ಹತ್ತಿಸಿದ ಕಿವಿ ಸುಳ್ಳು ಹೇಳುವುದಿಲ್ಲ. ಆದರೆ ಆ ಕಿವಿ ಅವರ ಹತ್ತಿರ ಇದೆ, ಓದಿ ಮಾಡುವವರ ಹತ್ತಿರ ಇಲ್ಲ. ಓಡುತ್ತಿರುವ ಎಂಜಿನ್‌ನಲ್ಲಿ ಪಂಪ್ ತಿರುಗಿಸಿದರೆ ಪೈಪ್‌ಗಳ ಮೇಲೆ ಜಗ್ಗು ಬೀಳುತ್ತದೆ. ಪೈಪ್ ನಟ್ ಬಿಟ್ಟುಕೊಂಡು ಡೀಸೆಲ್ ಚಿಮ್ಮಿದರೆ ಅದು ಚರ್ಮದ ಒಳಕ್ಕೇ ನುಗ್ಗುತ್ತದೆ. ಈ ಎಂಜಿನ್‌ಗಳಲ್ಲಿ ನಾಜಲ್ ತೆರೆಯುವುದೇ ಸುಮಾರು 200 ಬಾರ್‌ನಲ್ಲಿ. ಹಾಗೆ ಆದರೆ ಗಾಯ ಚಿಕ್ಕ ಚುಕ್ಕೆಯಂತೆ ಕಾಣುತ್ತದೆ, ನೋವೂ ಮೊದಲು ಜಾಸ್ತಿ ಇರುವುದಿಲ್ಲ. ಆದರೂ ತಡ ಮಾಡದೆ ಆಸ್ಪತ್ರೆಗೆ ಹೋಗಲೇಬೇಕು. ಬೆರಳು ಕಳೆದುಕೊಂಡವರಿದ್ದಾರೆ.

ಇನ್ನೊಂದು ವಿಷಯ. ಟೈಮಿಂಗ್ ಸ್ವಲ್ಪ ಮುಂದೆ ಹೋದರೆ ಗಾಡಿ ಚುರುಕಾದ ಹಾಗೆ ಅನ್ನಿಸುತ್ತದೆ. ಡ್ರೈವರ್‌ಗೂ ಖುಷಿ. ಆದರೆ ಆ ಟಕ್ ಟಕ್ ಶಬ್ದ ಪಿಸ್ಟನ್ ತಲೆ ಮೇಲೆ ಬೀಳುತ್ತಿರುವ ಏಟು. ನಮ್ಮ ಡಿಪೋಗೆ ಒಂದು ಎಂಜಿನ್ ಬಂದಿತ್ತು. ಹೊರಗೆ ಯಾರೋ ಕಿವಿ ಮೇಲೆ ಟೈಮಿಂಗ್ ಇಟ್ಟಿದ್ದರು. ಹೆಡ್ ಬಿಚ್ಚಿದೆವು. ನಾಲ್ಕನೇ ಪಿಸ್ಟನ್‌ನ ಅಂಚು ಇಲಿ ಕಡಿದ ರೊಟ್ಟಿಯ ಹಾಗಿತ್ತು. ಅಲ್ಯೂಮಿನಿಯಂ ಕರಗಿ ಲೈನರ್‌ಗೆ ಮೆತ್ತಿಕೊಂಡಿತ್ತು. ಗ್ಯಾಸ್ಕೆಟ್‌ನ ಉಂಗುರ ಎರಡು ಕಡೆ ಸುಟ್ಟಿತ್ತು. ಆ ಪಿಸ್ಟನ್ ಎಷ್ಟೋ ವರ್ಷ ನನ್ನ ಟೇಬಲ್ ಮೇಲಿತ್ತು, ಹೊಸದಾಗಿ ಬಂದ ಹುಡುಗರಿಗೆ ತೋರಿಸಲಿಕ್ಕೆ.

ಕೂರಿಸುವಾಗ "ಗೆರೆಗೆ ಗೆರೆ" ಅಂದಿರಲ್ಲ, ಅದೇ ನನಗೆ ಅನುಮಾನ. ಪಂಪ್ ಸರ್ವಿಸ್‌ನವರು ಎಲಿಮೆಂಟ್ ಮಾತ್ರ ಹಾಕಿದರಾ, ಅಥವಾ ಪಂಪ್ ಹೌಸಿಂಗ್ ಕೂಡ ಬದಲಾಯಿಸಿದರಾ? ಬಿಲ್ ತೆಗೆದು ನೋಡಿ.

ಡಿಪ್ಲೊಮಾ ಆಟೋ

ಸರ್, ಒಂದು ಪ್ರಶ್ನೆ. ಡೀಸೆಲ್ ಟಿಡಿಸಿಗೆ (ಪಿಸ್ಟನ್ ಪೂರ್ತಿ ಮೇಲೆ ಬರುವ ಜಾಗ) ಮೊದಲೇ ಯಾಕೆ ಬೀಳಬೇಕು? ಪಿಸ್ಟನ್ ಮೇಲೆ ಬರುತ್ತಿರುವಾಗಲೇ ಹೊತ್ತಿಕೊಂಡರೆ ಅದನ್ನು ಕೆಳಕ್ಕೆ ತಳ್ಳುವುದಿಲ್ಲವಾ? ಕ್ಲಾಸ್‌ನಲ್ಲಿ ಬರೆದುಕೊಂಡಿದ್ದೇನೆ, ಮನಸ್ಸಿಗೆ ಹತ್ತಿಲ್ಲ.

ಡಿಪೋ ಪಂಪ್ ಸೆಕ್ಷನ್

ತಮ್ಮ, ಲೆಕ್ಕ ಹಾಕಿದರೆ ಹತ್ತುತ್ತದೆ. ಎಂಜಿನ್ 2400 ಆರ್‌ಪಿಎಂನಲ್ಲಿ ಓಡುತ್ತಿದೆ ಅಂದುಕೋ. ಅಂದರೆ ಸೆಕೆಂಡ್‌ಗೆ 40 ಸುತ್ತು, 14,400 ಡಿಗ್ರಿ. ಡೀಸೆಲ್ ಒಳಗೆ ಬಿದ್ದ ತಕ್ಷಣ ಹೊತ್ತಿಕೊಳ್ಳುವುದಿಲ್ಲ. ಹನಿ ಒಡೆಯಬೇಕು, ಆವಿಯಾಗಬೇಕು, ಬಿಸಿ ಗಾಳಿಯಲ್ಲಿ ಬೆರೆಯಬೇಕು. ಇದಕ್ಕೆಲ್ಲ ಒಂದು ಮಿಲಿಸೆಕೆಂಡ್ ಹಿಡಿದರೆ ಅಷ್ಟರಲ್ಲಿ ಕ್ರ್ಯಾಂಕ್ 14 ಡಿಗ್ರಿ ತಿರುಗಿಬಿಟ್ಟಿರುತ್ತದೆ. ಅದಕ್ಕೇ ಮೊದಲೇ ಕೊಡಬೇಕು. ಒತ್ತಡ ಟಿಡಿಸಿ ದಾಟಿದ ಸ್ವಲ್ಪ ಹೊತ್ತಿಗೆ ತುದಿಗೆ ಬಂದರೆ ಪಿಸ್ಟನ್‌ಗೆ ಒಳ್ಳೆ ತಳ್ಳು ಸಿಗುತ್ತದೆ.

ಪೈಪ್‌ನ ವಿಷಯವೂ ಇದೆ. ಪಂಪ್‌ನಲ್ಲಿ ಎದ್ದ ಒತ್ತಡದ ಅಲೆ ನಾಜಲ್ ತಲುಪುವುದಕ್ಕೂ ಹೊತ್ತು ಬೇಕು. ಡೀಸೆಲ್‌ನಲ್ಲಿ ಆ ಅಲೆ ಸೆಕೆಂಡ್‌ಗೆ ಸುಮಾರು 1400 ಮೀಟರ್ ಓಡುತ್ತದೆ. 60 ಸೆಂಟಿಮೀಟರ್ ಪೈಪ್ ಆದರೆ ಅದೇ 2400 ಆರ್‌ಪಿಎಂನಲ್ಲಿ ಆರು ಡಿಗ್ರಿ ದಾರಿಯಲ್ಲೇ ಹೋಯಿತು. ಕಂಪನಿಯವರು ಆರೂ ಪೈಪ್ ಒಂದೇ ಉದ್ದಕ್ಕೆ ಮಾಡಿ, ಹತ್ತಿರದ ಸಿಲಿಂಡರ್‌ನ ಪೈಪನ್ನು ಸುಮ್ನೆ ಬಳಸಿ ಬಗ್ಗಿಸಿರುವುದು ಇದಕ್ಕೇ. ಪೈಪ್ ಒಡೆದಾಗ ಯಾವುದೋ ಗಿಡ್ಡ ಪೈಪ್ ಹಾಕಿದರೆ ಆ ಒಂದು ಸಿಲಿಂಡರ್‌ನ ಟೈಮಿಂಗ್ ಬೇರೆಯೇ ಆಗುತ್ತದೆ. ಒಳಗಿನ ತೂತಿನ ಅಳತೆಯೂ ಅದೇ ಇರಬೇಕು.

ಹಿರಿಯೂರು ಲಾರಿ (ಮಂಗಳವಾರ)

ದಾವಣಗೆರೆ ಅಣ್ಣ ಹೇಳಿದ ಹಾಗೆ ಪ್ರೈಮರ್ ಹೊಡೆದೆ. ನೊರೆ ಬಂತು! ಫೀಡ್ ಪಂಪ್‌ನ ಒಂದು ವಾಷರ್ ಹಳೇದು, ಅದರಲ್ಲಿ ಗೆರೆ ಬಿದ್ದಿತ್ತು. ಎಲ್ಲಾ ವಾಷರ್ ಹೊಸದು ಹಾಕಿದೆ. ಎಂಜಿನ್ ನಡುನಡುವೆ ತಪ್ಪಿ ಹೊಡೆಯುತ್ತಿದ್ದದ್ದು (ಮಿಸ್ಸಿಂಗ್) ನಿಂತಿತು. ನಾಜಲ್ ಟೆಸ್ಟ್ ಮಾಡಿಸಿದೆ, ಆರರಲ್ಲಿ ಒಂದರ ಪ್ರೆಷರ್ ಇಳಿದಿತ್ತು, ಅದನ್ನೂ ಸರಿ ಮಾಡಿಸಿದೆ. ರೇಡಿಯೇಟರ್ ನೀರು ಕಡಿಮೆಯಾಗಿಲ್ಲ. ಆದರೆ ಬಿಳಿ ಹೊಗೆ ಹಾಗೇ ಇದೆ, ಪಿಕಪ್ ಕೂಡ ಹಾಗೇ.

ಸರ್, ಬಿಲ್ ನೋಡಿದೆ. "ಪಂಪ್ ಹೌಸಿಂಗ್ – 1" ಅಂತ ಬರೆದಿದೆ. ಹಳೇದರಲ್ಲಿ ಟ್ಯಾಪೆಟ್ ಓಡುವ ಜಾಗ ಸವೆದಿತ್ತಂತೆ, ಸೆಕೆಂಡ್‌ಹ್ಯಾಂಡ್ ಹೌಸಿಂಗ್ ಹಾಕಿದ್ದಾರೆ. ನನಗೆ ಆಗ ಹೇಳಿರಲಿಲ್ಲ.

ಡಿಪೋ ಪಂಪ್ ಸೆಕ್ಷನ್

ಸಿಕ್ಕಿತು ನೋಡಿ.

ಪಂಪ್‌ನ ಚಾಚುಪಟ್ಟಿ, ಅಂದರೆ ಎಂಜಿನ್‌ಗೆ ಅಂಟುವ ಫ್ಲಾಂಜ್ ಮೇಲೆ ಒಂದು ಗೆರೆ. ಎಂಜಿನ್ ಕಡೆ ಒಂದು ಗೆರೆ. ಆ ಎರಡು ಗೆರೆ ಒಂದಕ್ಕೊಂದು ಗಂಡ ಹೆಂಡತಿ ಇದ್ದ ಹಾಗೆ. ಟೈಮಿಂಗ್ ಇಟ್ಟು, ಬಿಗಿ ಮಾಡಿ, ಆಮೇಲೆ ಎರಡಕ್ಕೂ ಸೇರಿಸಿ ಹೊಡೆದ ಗೆರೆ ಅದು. ಅದೇ ಪಂಪ್ ಅದೇ ಎಂಜಿನ್‌ಗೆ ವಾಪಸ್ ಬಂದಾಗ ಮಾತ್ರ ಅದಕ್ಕೆ ಬೆಲೆ. ನಿಮ್ಮ ಹೌಸಿಂಗ್ ಬೇರೆ ಯಾವುದೋ ಲಾರಿಯದು. ಅದರ ಮೇಲಿರುವ ಗೆರೆ ಆ ಲಾರಿಯ ಎಂಜಿನ್‌ಗೆ ಹೊಡೆದದ್ದು. ನಿಮ್ಮ ಮೇಸ್ತ್ರಿ ಮಾಡಿದ ಕೆಲಸದಲ್ಲಿ ತಪ್ಪಿಲ್ಲ. ಅವರಿಗೆ ಯಾರೂ ಹೌಸಿಂಗ್ ಬದಲಾಗಿದೆ ಅಂತ ಹೇಳಲಿಲ್ಲ. ಪಂಪ್ ಸರ್ವಿಸ್‌ನವರು ಒಂದು ಚೀಟಿಯಲ್ಲಿ ಬರೆದು ಪಂಪ್‌ಗೆ ಕಟ್ಟಿದ್ದರೆ ಸಾಕಿತ್ತು.

ಈಗ ಗೆರೆ ಮರೆತುಬಿಡಿ. ಹನಿ ನೋಡಿ ಟೈಮಿಂಗ್ ಇಡಬೇಕು. ಸ್ಪಿಲ್ ಟೈಮಿಂಗ್ ಅಂತ ಕರೆಯುತ್ತೇವೆ. ನಿಮ್ಮ ಮೇಸ್ತ್ರಿಯನ್ನು ಪಕ್ಕದಲ್ಲಿಟ್ಟುಕೊಂಡೇ ಮಾಡಿ. ರಾತ್ರಿ ಪೂರ್ತಿ ಬರೆಯುತ್ತೇನೆ.

ಟಿಪ್ಪರ್ ಓನರ್

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನ ಟಿಪ್ಪರ್ ಬಿಎಸ್-4. ಅದರಲ್ಲೂ ಹೀಗೆ ಪಂಪ್ ತಿರುಗಿಸಿ ಟೈಮಿಂಗ್ ಇಡಬಹುದಾ?

ದಾವಣಗೆರೆ ಗ್ಯಾರೇಜ್

ನಿಮ್ಮದು ಕಾಮನ್ ರೈಲ್ ಆದರೆ ಇಲ್ಲ ಅಣ್ಣ. 2017ರ ಏಪ್ರಿಲ್ 1ರಿಂದ ದೇಶದ ಎಲ್ಲಾ ಕಡೆ ಬಿಎಸ್-4 ಬಂದ ಮೇಲೆ ಲಾರಿಗಳಲ್ಲಿ ಕಾಮನ್ ರೈಲ್ ಜಾಸ್ತಿಯಾಯಿತು. ಅದರಲ್ಲಿ ಪಂಪ್‌ನ ಕೆಲಸ ರೈಲ್‌ಗೆ ಒತ್ತಡ ತುಂಬುವುದು ಅಷ್ಟೇ. ಯಾವಾಗ ಡೀಸೆಲ್ ಬಿಡಬೇಕು ಅಂತ ಇಸಿಎಂ, ಅಂದರೆ ಎಂಜಿನ್‌ನ ಕಂಪ್ಯೂಟರ್, ನಿರ್ಧಾರ ಮಾಡುತ್ತದೆ. ಹೊಗೆ ಬಂದರೆ ಮೊದಲು ಸ್ಕ್ಯಾನರ್ ಹಾಕಿಸಿ. ಪಂಪ್ ತಿರುಗಿಸಲು ಹೋಗಬೇಡಿ.

ಡಿಪೋ ಪಂಪ್ ಸೆಕ್ಷನ್ (ಮಂಗಳವಾರ ರಾತ್ರಿ)

ಸರಿ, ನಿಧಾನಕ್ಕೆ ಓದಿ. ಇದು ಫ್ಲಾಂಜ್ ಮೇಲೆ ಕೂರುವ ಲೈನ್ ಪಂಪ್‌ಗೆ.

ಮೊದಲು ಎಂಜಿನ್ ನಂಬರ್ ಪ್ಲೇಟ್ ಅಥವಾ ಮ್ಯಾನ್ಯುಯಲ್ ನೋಡಿ, ನಿಮ್ಮ ಎಂಜಿನ್‌ಗೆ ಎಷ್ಟು ಡಿಗ್ರಿ ಅಂತ ಬರೆದಿಟ್ಟುಕೊಳ್ಳಿ. ನಾನು ಇಲ್ಲಿ ಬೇಕೆಂದೇ ಆ ಅಂಕಿ ಹಾಕುತ್ತಿಲ್ಲ. ಒಂದೇ ಹೆಸರಿನ ಎಂಜಿನ್ ಬೇರೆ ಬೇರೆ ಪಂಪ್, ಬೇರೆ ಬೇರೆ ನಾಜಲ್ ಜೊತೆ ಬರುತ್ತದೆ, ಡಿಗ್ರಿಯೂ ಬೇರೆ ಇರುತ್ತದೆ. ಇಲ್ಲಿ ಒಂದು ಅಂಕಿ ಬರೆದರೆ ಎರಡು ವರ್ಷ ಆದ ಮೇಲೆ ಯಾರೋ ಅದನ್ನೇ ನಂಬಿ ತಮ್ಮ ಎಂಜಿನ್ ಹಾಳು ಮಾಡಿಕೊಳ್ಳುತ್ತಾರೆ.

ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಲಿ. ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಕಟ್ಟೆ. ಬ್ಯಾಟರಿಯ ಅರ್ತ್ ತೆಗೆಯಿರಿ. ಎಂಜಿನ್ ತಿರುಗಿಸಲು ಒಳಗೆ ಕೈ ಇಟ್ಟಾಗ ಕ್ಲೀನರ್ ಹುಡುಗ ಕೀ ತಿರುಗಿಸಿದ ಕಥೆ ನಾನು ಕಣ್ಣಾರೆ ನೋಡಿದ್ದೇನೆ. ಪಂಪ್ ಮತ್ತು ಅದರ ಸುತ್ತ ಡೀಸೆಲ್ ಹಾಕಿ ಬ್ರಶ್‌ನಲ್ಲಿ ತೊಳೆಯಿರಿ. ಎಲಿಮೆಂಟ್‌ನ ಪ್ಲಂಜರ್ ಮತ್ತು ಬ್ಯಾರಲ್ ನಡುವಿನ ಸಂದು ಎರಡು ಮೂರು ಮೈಕ್ರಾನ್. ನಮ್ಮ ತಲೆಕೂದಲು ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಕಾಟನ್ ವೇಸ್ಟ್‌ನ ಒಂದು ಎಳೆ ಒಳಗೆ ಹೋದರೂ ಹೊಸ ಎಲಿಮೆಂಟ್ ಹೋಯಿತು ಅಂತಲೇ. ಅದಕ್ಕೇ ಪಂಪ್ ಬಿಚ್ಚಿದಾಗ ಕಾಟನ್ ವೇಸ್ಟ್ ದೂರ ಇರಲಿ.

ಈಗ ಒಂದನೇ ಸಿಲಿಂಡರ್ ಕಂಪ್ರೆಷನ್‌ನಲ್ಲಿ ಮೇಲೆ ಬರಬೇಕು. ಟ್ಯಾಪೆಟ್ ಕವರ್ ತೆಗೆದು ನೋಡಿ. ಟಿಡಿಸಿ ಗುರುತು ಬಂದಾಗ ಒಂದನೇ ಸಿಲಿಂಡರ್‌ನ ಎರಡು ವಾಲ್ವ್‌ಗೂ ಸಡಿಲು ಇರಬೇಕು. ಆರನೆಯದರಲ್ಲಿ ಒಂದು ವಾಲ್ವ್ ಮುಚ್ಚುತ್ತಾ ಇನ್ನೊಂದು ತೆರೆಯುತ್ತಾ ಇರಬೇಕು. ಇದು ಉಲ್ಟಾ ಇದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ.

ಗುರುತು ಪುಲ್ಲಿ ಮೇಲಿರಲಿ, ಫ್ಲೈವೀಲ್ ಮೇಲಿರಲಿ, ಅದನ್ನು ಕಣ್ಣು ಮುಚ್ಚಿ ನಂಬಬೇಡಿ. ರಬ್ಬರ್ ಡ್ಯಾಂಪರ್ ಇರುವ ಪುಲ್ಲಿ ಹಳೇದಾದರೆ ಹೊರಗಿನ ಉಂಗುರ ಜಾರುತ್ತದೆ, ಗುರುತೂ ಜೊತೆಗೆ ಹೋಗುತ್ತದೆ. ಅನುಮಾನ ಇದ್ದರೆ ಮೇಸ್ತ್ರಿಗೆ ಹೇಳಿ, ಡಯಲ್ ಗೇಜ್ ಇಟ್ಟು ನಿಜವಾದ ಟಿಡಿಸಿ ಹಿಡಿಯುತ್ತಾರೆ. ಪಿಸ್ಟನ್ ಮೇಲೆ ಹೋಗುವಾಗ ಒಂದು ಅಳತೆ, ಇಳಿಯುವಾಗ ಅದೇ ಅಳತೆ. ಎರಡರ ಮಧ್ಯವೇ ಟಿಡಿಸಿ.

ಡಿಗ್ರಿ ಗುರುತು ಅಳಿಸಿಹೋಗಿದ್ದರೆ ಟೈಲರ್ ಟೇಪ್ ಸಾಕು. ಪುಲ್ಲಿ ಸುತ್ತಳತೆ ತೆಗೆದು 360ರಿಂದ ಭಾಗಿಸಿ. ಒಂದು ಡಿಗ್ರಿಗೆ ಎಷ್ಟು ಮಿಲಿಮೀಟರ್ ಅಂತ ಸಿಗುತ್ತದೆ. ಟಿಡಿಸಿಯಿಂದ ಅಷ್ಟು ದೂರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಯಾವ ಕಡೆಗೆ ಹಾಕಬೇಕು ಅನ್ನುವುದು ಮುಖ್ಯ. ಎಂಜಿನ್ ತಿರುಗುವಾಗ ಪುಲ್ಲಿ ಎದುರಿನ ಗುರುತಿನ ಮುಳ್ಳಿಗೆ ಮೊದಲು ಈ ಗೆರೆ ಬರಬೇಕು, ಆಮೇಲೆ ಟಿಡಿಸಿ ಗೆರೆ.

ಇನ್ನು ಪಂಪ್. ಒಂದನೇ ಎಲಿಮೆಂಟ್‌ನ ಪೈಪ್ ಬಿಚ್ಚಿ. ಎಲಿಮೆಂಟ್‌ನಿಂದ ಪೈಪ್‌ಗೆ ಡೀಸೆಲ್ ಬಿಡುವ ಡೆಲಿವರಿ ವಾಲ್ವ್‌ನ ಹೋಲ್ಡರ್ ತೆಗೆದು, ಒಳಗಿನ ಸ್ಪ್ರಿಂಗ್ ಮತ್ತು ವಾಲ್ವ್ ಎತ್ತಿ ಶುದ್ಧ ಡೀಸೆಲ್ ಇರುವ ಬಟ್ಟಲಲ್ಲಿ ಮುಳುಗಿಸಿಡಿ. ಅದರ ಸೀಟ್ ಅಲ್ಲೇ ಇರಲಿ. ಹೋಲ್ಡರ್ ವಾಪಸ್ ಹಾಕಿ. ಅದರ ಮೇಲೆ ಸ್ವಾನ್ ನೆಕ್ ಪೈಪ್ ಕೂರಿಸಿ. ಕೊಕ್ಕರೆ ಕತ್ತಿನ ಹಾಗೆ ಬಗ್ಗಿಸಿದ ಗಿಡ್ಡ ಪೈಪ್ ಅದು. ಅಂಗಡಿಯಲ್ಲಿ ಸಿಗದಿದ್ದರೆ ಹಳೇ ನಾಜಲ್ ಪೈಪ್ ಕತ್ತರಿಸಿ ಬಗ್ಗಿಸಿಕೊಳ್ಳಿ, ತುದಿ ಚೂಪಾಗಿ ಅರದಿಂದ ಉಜ್ಜಿ.

ಆಕ್ಸಿಲರೇಟರ್ ಲಿವರ್ ಪೂರ್ತಿ ಕೊಟ್ಟು ಕಟ್ಟಿ. ಸ್ಟಾಪ್ ಲಿವರ್ ಎಳೆದಿರಬಾರದು. ಸ್ಟಾರ್ಟಿಂಗ್‌ಗೆ ಜಾಸ್ತಿ ಡೀಸೆಲ್ ಕೊಡುವ ಜಾಗಕ್ಕೂ ಡೀಸೆಲ್ ಅಳತೆ ಬದಲಿಸುವ ಕಂಟ್ರೋಲ್ ರಾಡ್ ಹೋಗಿರಬಾರದು. ಕೆಲವು ಪ್ಲಂಜರ್‌ಗಳ ತಲೆ ಮೇಲೆ ಸ್ಟಾರ್ಟಿಂಗ್ ಕಚ್ಚು ಇರುತ್ತದೆ. ಅಲ್ಲಿದ್ದರೆ ಹನಿ ನಿಲ್ಲುವುದು ತಡ, ಲೆಕ್ಕ ತಪ್ಪುತ್ತದೆ.

ಪ್ರೈಮರ್ ಹೊಡೆಯುತ್ತಾ ನೋಡಬಹುದು. ಆದರೆ ನನಗೆ ಇಷ್ಟವಾದ ದಾರಿ ಬೇರೆ. ಕ್ಯಾಬಿನ್ ಮೇಲೆ ಒಂದು ಕ್ಯಾನ್ ಕಟ್ಟಿ, ಅದರಿಂದ ಪಂಪ್‌ಗೆ ಪೈಪ್ ಇಳಿಸಿ. ಡೀಸೆಲ್ ತಾನಾಗಿಯೇ ಒಂದೇ ಸಮನೆ ಇಳಿಯುತ್ತದೆ, ಕೈ ನಡುಗುವ ಚಿಂತೆ ಇಲ್ಲ.

ಎಂಜಿನ್ ಅನ್ನು ಕಂಪ್ರೆಷನ್ ಟಿಡಿಸಿಯಿಂದ ಕಾಲು ಸುತ್ತು ಹಿಂದಕ್ಕೆ ತನ್ನಿ. ಈಗ ಸ್ವಾನ್ ನೆಕ್‌ನಿಂದ ಡೀಸೆಲ್ ಧಾರೆಯಾಗಿ ಬರುತ್ತದೆ. ನಿಧಾನಕ್ಕೆ ಓಡುವ ದಿಕ್ಕಿಗೇ ತಿರುಗಿಸಿ. ಧಾರೆ ಸಣ್ಣದಾಗುತ್ತದೆ, ಎಳೆಯಾಗುತ್ತದೆ, ಆಮೇಲೆ ಹನಿ. ಹನಿ ಹನಿ ನಡುವೆ ಅಂತರ ಜಾಸ್ತಿಯಾಗುತ್ತದೆ. ಹದಿನೈದು ಇಪ್ಪತ್ತು ಸೆಕೆಂಡ್‌ಗೆ ಒಂದು ಹನಿ ಬರುವಷ್ಟಾದಾಗ ಕೈ ನಿಲ್ಲಿಸಿ. ಒಳಗೆ ಪ್ಲಂಜರ್ ಮೇಲೆ ಬಂದು ತೂತು ಮುಚ್ಚಿದ ಗಳಿಗೆ ಅದು. ಎಂಜಿನ್ ಓಡುತ್ತಿದ್ದರೆ ಡೀಸೆಲ್ ನಾಜಲ್ ಕಡೆ ಹೊರಡುವುದು ಅಲ್ಲಿಂದಲೇ. ಪುಲ್ಲಿ ಮೇಲೆ ಮುಳ್ಳು ಎಲ್ಲಿದೆ ನೋಡಿ.

ತಿರುಗಿಸುವಾಗ ಗೆರೆ ದಾಟಿಬಿಟ್ಟರೆ ಹಾಗೇ ಸ್ವಲ್ಪ ಹಿಂದಕ್ಕೆ ತರಬೇಡಿ. ಗೇರ್ ಹಲ್ಲುಗಳ ನಡುವೆ ಆಟ ಇರುತ್ತದೆ, ಆ ಆಟ ಅಳತೆ ಕೆಡಿಸುತ್ತದೆ. ಮತ್ತೆ ಕಾಲು ಸುತ್ತು ಹಿಂದೆ ಹೋಗಿ, ಮತ್ತೆ ಮುಂದಕ್ಕೆ ಬನ್ನಿ. ಮೂರು ಸಲ ಮಾಡಿ. ಮೂರು ಸಲವೂ ಒಂದೇ ಜಾಗಕ್ಕೆ ಬಂದರೆ ಮಾತ್ರ ಆ ಅಳತೆ ನಿಮ್ಮದು.

ಎಷ್ಟು ತಡ, ಎಷ್ಟು ಬೇಗ ಅಂತ ಬರೆಯಿರಿ. ಆಮೇಲೆ ಪಂಪ್ ತಿರುಗಿಸುವ ಮಾತು.

ಲೇಲ್ಯಾಂಡ್ ಹುಬ್ಬಳ್ಳಿ

ಭಾಳ ಛಲೋ ಬರೆದೀರಿ ಸರ್. ನಮ್ಮ ಹಳೇ ಲೇಲ್ಯಾಂಡ್‌ನಾಗ ಪಂಪ್ ಪೀಠದ ಮ್ಯಾಲೆ ಕುಂತಿರತದ, ನಡುವೆ ಕಪ್ಲಿಂಗ್. ಅಲ್ಲಿ ಪಂಪ್ ತಿರುಗಸೂದಿಲ್ಲ, ಕಪ್ಲಿಂಗ್ ಬೋಲ್ಟ್ ಸಡಿಲ ಮಾಡಿ ಶಾಫ್ಟ್ ತಿರುಗಸೂದು. ಹನಿ ನೋಡೂ ರೀತಿ ಮಾತ್ರ ಇದೇ. ಆ ಕಪ್ಲಿಂಗ್ ಬೋಲ್ಟ್ ಸಡಿಲಾಗಿ ದಾರಿಯಾಗ ಟೈಮಿಂಗ್ ಜಾರಿದ್ದು ನನಗ ಎರಡು ಸಲ ಆಗೇದ. ಅರಬೈಲ್ ಘಾಟಿನಾಗ ಒಮ್ಮಿಂದೊಮ್ಮೆ ಗಾಡಿ ಸತ್ತಂಗಾತು. ಕಪ್ಲಿಂಗ್ ಇರೋರು ಬೋಲ್ಟ್ ಮ್ಯಾಲೆ ಪೇಂಟ್ ಗೆರಿ ಹಾಕಿ ಇಡ್ರಿ, ಜಾರಿದ್ರ ಕಾಣತದ.

ಡಿಪ್ಲೊಮಾ ಆಟೋ

ಸರ್, ಡೆಲಿವರಿ ವಾಲ್ವ್ ಬಿಚ್ಚದೆ ನೋಡಲು ಆಗುವುದಿಲ್ಲವಾ? ಬಿಚ್ಚುವುದೇ ಭಯ.

ಡಿಪೋ ಪಂಪ್ ಸೆಕ್ಷನ್

ಆಗುತ್ತದೆ. ಒಂದನೇ ಎಲಿಮೆಂಟ್ ಮೇಲೆ ಸಣ್ಣ ಗಾಜಿನ ಕೊಳವೆ ನಿಲ್ಲಿಸಿ, ಡೀಸೆಲ್ ತುಂಬಿಸಿ, ಎಂಜಿನ್ ನಿಧಾನಕ್ಕೆ ತಿರುಗಿಸಿದರೆ ಒಂದು ಹಂತದಲ್ಲಿ ಡೀಸೆಲ್ ಮಟ್ಟ ಮೇಲಕ್ಕೆ ಅಲುಗುತ್ತದೆ. ಅಲುಗಿದ ಗಳಿಗೆಯೇ ಗುರುತು. ಆದರೆ ಇದರಲ್ಲಿ ವಾಲ್ವ್ ಎತ್ತುವ ತನಕ ಮಟ್ಟ ಅಲುಗುವುದಿಲ್ಲ, ಹನಿಯ ಲೆಕ್ಕಕ್ಕೂ ಇದಕ್ಕೂ ಸ್ವಲ್ಪ ವ್ಯತ್ಯಾಸ ಬರಬಹುದು. ಮ್ಯಾನ್ಯುಯಲ್ ಯಾವುದನ್ನು ಹೇಳಿದೆಯೋ ಅದನ್ನೇ ಮಾಡು.

ಘಾಟಿ ಡ್ರೈವರ್, ಸಕಲೇಶಪುರ

ಸರ್, ಒಂದು ಮಾತು ಕೇಳುತ್ತೇನೆ, ಬೇಜಾರಿಲ್ಲ. ರಾತ್ರಿ ಹನ್ನೆರಡಕ್ಕೆ ಗುಂಡ್ಯ ಹತ್ತಿರ ಗಾಡಿ ನಿಂತರೆ ಸ್ವಾನ್ ನೆಕ್ ಎಲ್ಲಿಂದ ತರಲಿ? ನಾವು ಕಿವಿ ಮೇಲೆ ಮಾಡಿದ್ದು ಬೇರೆ ದಾರಿ ಇಲ್ಲದೆ.

ಡಿಪೋ ಪಂಪ್ ಸೆಕ್ಷನ್

ಅಣ್ಣ, ಅದು ನಿಜ. ದಾರಿಯಲ್ಲಿ ನಿಂತ ಗಾಡಿಯನ್ನು ಮನೆ ಮುಟ್ಟಿಸುವುದು ದೊಡ್ಡ ವಿದ್ಯೆ, ಅದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ನಾನು ಹೇಳುವುದು ಇಷ್ಟೇ. ಮನೆ ಮುಟ್ಟಿದ ಮೇಲೆ ಹನಿ ನೋಡಿಸಿ. ದಾರಿಯಲ್ಲಿ ಇಟ್ಟ ಟೈಮಿಂಗ್ ಮೇಲೆ ಮುಂದಿನ ಲೋಡ್ ಹಾಕಬೇಡಿ.

ಮತ್ತೆ, ಪಂಪ್ ಟೈಮಿಂಗ್ ದಾರಿಯಲ್ಲಿ ತಾನಾಗಿಯೇ ಬದಲಾಗುವುದು ಬಹಳ ಕಡಿಮೆ. ಫ್ಲಾಂಜ್ ನಟ್ ಸಡಿಲಾಗಿರಬೇಕು, ಪಂಪ್ ಶಾಫ್ಟ್‌ಗೆ ಗೇರ್ ಹಿಡಿಯುವ ಕೀ ಕತ್ತರಿಸಿರಬೇಕು. ವರ್ಷಗಟ್ಟಲೆ ಓಡಿ ಕ್ಯಾಮ್ ಮತ್ತು ಟ್ಯಾಪೆಟ್ ಸವೆದರೆ ನಿಧಾನಕ್ಕೆ ತಡವಾಗುತ್ತದೆ. ನಿನ್ನೆ ಚೆನ್ನಾಗಿದ್ದು ಇವತ್ತು ಹೊಗೆ ಬಂತು ಅಂದರೆ ನೂರರಲ್ಲಿ ಬಹುಪಾಲು ಡೀಸೆಲ್ ಲೈನ್, ಫಿಲ್ಟರ್, ನಾಜಲ್. ಹೊಗೆ ಕಂಡ ತಕ್ಷಣ ಪಂಪ್ ನಟ್‌ಗೆ ಪಾನ ಹಾಕುವುದೇ ನಮ್ಮ ಕಡೆಯ ದೊಡ್ಡ ತಪ್ಪು. ಆಮೇಲೆ ಎರಡು ಕೆಡುಕು, ಮೊದಲನೆಯದು ಯಾವುದು ಅಂತಲೇ ಗೊತ್ತಾಗುವುದಿಲ್ಲ.

ಹಿರಿಯೂರು ಲಾರಿ (ಶುಕ್ರವಾರ)

ಸರ್, ಮಾಡಿದೆವು! ಮೇಸ್ತ್ರಿ ಮೊದಲು ಮುಖ ಸಣ್ಣ ಮಾಡಿಕೊಂಡಿದ್ದರು. ಹೌಸಿಂಗ್ ಬದಲಾದ ಬಿಲ್ ತೋರಿಸಿದ ಮೇಲೆ ಅವರೇ ಮುಂದೆ ನಿಂತು ಮಾಡಿಸಿದರು.

ಪುಲ್ಲಿ ಸುತ್ತಳತೆ 810 ಮಿಲಿಮೀಟರ್ ಬಂತು. ಅಂದರೆ ಡಿಗ್ರಿಗೆ 2.25. ಡಯಲ್ ಗೇಜ್ ಇಟ್ಟು ಟಿಡಿಸಿ ನೋಡಿದೆವು, ಗುರುತು ಸರಿ ಇದೆ. ಸ್ವಾನ್ ನೆಕ್ ಹಳೇ ಪೈಪ್‌ನಲ್ಲಿ ಮಾಡಿದೆವು. ಕ್ಯಾಬಿನ್ ಮೇಲೆ ಐದು ಲೀಟರ್ ಎಣ್ಣೆ ಕ್ಯಾನ್ ಕಟ್ಟಿದೆವು. ಹನಿ ನಿಂತದ್ದು ಇರಬೇಕಾದ ಗೆರೆಯಿಂದ 14 ಮಿಲಿಮೀಟರ್ ಆಚೆ. ಮೂರು ಸಲ ನೋಡಿದೆ, ಮೂರು ಸಲವೂ ಅದೇ. ಆರು ಡಿಗ್ರಿ ಚಿಲ್ಲರೆ ತಡ.

ಈಗ ಪಂಪ್ ಯಾವ ಕಡೆ ತಿರುಗಿಸಲಿ? ಒಬ್ಬರು ಎಂಜಿನ್ ಕಡೆ ಅನ್ನುತ್ತಾರೆ, ಇನ್ನೊಬ್ಬರು ಹೊರಗೆ ಅನ್ನುತ್ತಾರೆ.

ಡಿಪೋ ಪಂಪ್ ಸೆಕ್ಷನ್

ಶಭಾಷ್.

ಎಂಜಿನ್ ಕಡೆ, ಹೊರಗೆ ಅಂತ ಬಾಯಿಪಾಠ ಬೇಡ. ಪಂಪ್ ಯಾವ ಮಗ್ಗುಲಲ್ಲಿದೆ, ಗೇರ್ ಯಾವ ಕಡೆ ತಿರುಗುತ್ತದೆ ಅನ್ನುವುದರ ಮೇಲೆ ಅದು ಬದಲಾಗುತ್ತದೆ. ನೆನಪಿಡಬೇಕಾದದ್ದು ಒಂದೇ. ಪಂಪ್ ಶಾಫ್ಟ್ ತಿರುಗುವ ದಿಕ್ಕಿಗೆ ಎದುರಾಗಿ ಪಂಪ್ ಮೈ ತಿರುಗಿಸಿದರೆ ಟೈಮಿಂಗ್ ಮುಂದಕ್ಕೆ ಬರುತ್ತದೆ. ಶಾಫ್ಟ್ ಜೊತೆಗೇ ತಿರುಗಿಸಿದರೆ ಹಿಂದಕ್ಕೆ.

ಪಂಪ್ ಎಂಜಿನ್‌ನ ಅರ್ಧ ವೇಗದಲ್ಲಿ ತಿರುಗುತ್ತದೆ ಅಲ್ವಾ? ಅದಕ್ಕೇ ಕ್ರ್ಯಾಂಕ್‌ನಲ್ಲಿ ಆರು ಡಿಗ್ರಿ ಬೇಕಾದರೆ ಪಂಪ್ ಮೂರು ಡಿಗ್ರಿ ತಿರುಗಿದರೆ ಸಾಕು. ಫ್ಲಾಂಜ್ ಅಂಚಿನಲ್ಲಿ ಅದು ಮೂರು ನಾಲ್ಕು ಮಿಲಿಮೀಟರ್ ಅಷ್ಟೇ. ಜಾಸ್ತಿ ತಿರುಗಿಸಬೇಡಿ. ತಿರುಗಿಸುವ ಮೊದಲು ಆರೂ ಪೈಪ್ ನಟ್ ಸಡಿಲ ಮಾಡಿ, ಇಲ್ಲದಿದ್ದರೆ ಪೈಪ್ ಜಗ್ಗಿಕೊಂಡು ಪಂಪನ್ನು ವಾಪಸ್ ಎಳೆಯುತ್ತದೆ.

ಫ್ಲಾಂಜ್‌ನ ಉದ್ದ ತೂತಿನಲ್ಲಿ, ಅಂದರೆ ಸ್ಲಾಟ್‌ನಲ್ಲಿ ಜಾಗ ಸಾಲದೆ ಹೋದರೆ ಒತ್ತಾಯ ಮಾಡಬೇಡಿ. ಗೇರ್ ಒಂದು ಹಲ್ಲು ಆಚೀಚೆ ಕೂತಿದೆ ಅಂತ ಅರ್ಥ. ಪಂಪ್ ಗೇರ್ ಹಲ್ಲು ಎಣಿಸಿ 720ನ್ನು (ಪಂಪ್‌ನ ಒಂದು ಸುತ್ತಿಗೆ ಎಂಜಿನ್ ಎರಡು ಸುತ್ತು) ಅದರಿಂದ ಭಾಗಿಸಿ. 60 ಹಲ್ಲು ಇದ್ದರೆ ಒಂದು ಹಲ್ಲಿಗೆ 12 ಡಿಗ್ರಿ. ಅಷ್ಟನ್ನು ಸ್ಲಾಟ್‌ನಲ್ಲಿ ಸರಿ ಮಾಡಲು ಆಗುವುದಿಲ್ಲ, ಪಂಪ್ ಬಿಚ್ಚಿಯೇ ಕೂರಿಸಬೇಕು. ನಿಮ್ಮದು ಆರು ಡಿಗ್ರಿ, ಸ್ಲಾಟ್‌ನಲ್ಲೇ ಬರಬೇಕು.

ಬಿಗಿ ಮಾಡಿದ ಮೇಲೆ ಮತ್ತೆ ಹನಿ ನೋಡಿ. ನಟ್ ಬಿಗಿಯುವಾಗ ಪಂಪ್ ಒಂದು ಕೂದಲೆಳೆ ಜರುಗುತ್ತದೆ. ಸರಿ ಇದ್ದರೆ ವಾಲ್ವ್, ಸ್ಪ್ರಿಂಗ್ ಹಾಕಿ. ಹೋಲ್ಡರ್ ಅನ್ನು ಟಾರ್ಕ್ ಸ್ಪ್ಯಾನರ್‌ನಲ್ಲೇ ಬಿಗಿ ಮಾಡಿ, ಪಾನಕ್ಕೆ ಉದ್ದ ಪೈಪ್ ಸಿಕ್ಕಿಸಿ ಜೋರು ಹಾಕಬೇಡಿ, ಬ್ಯಾರಲ್ ಅಮುಕಿಕೊಂಡು ಪ್ಲಂಜರ್ ಹಿಡಿಯುತ್ತದೆ. ಮೊದಲು ಫಿಲ್ಟರ್, ಆಮೇಲೆ ಪಂಪ್, ಆಮೇಲೆ ನಾಜಲ್ ಕಡೆ, ಆ ಕ್ರಮದಲ್ಲೇ ಏರ್ ತೆಗೆಯಿರಿ.

ಒಂದನೇ ಎಲಿಮೆಂಟ್ ಸರಿಯಾದರೆ ಉಳಿದ ಐದೂ ತಾವಾಗಿಯೇ ಸರಿ ಇರಬೇಕು. ಬೆಂಚ್ ಮೇಲೆ ಪಂಪ್ ಶಾಫ್ಟ್‌ನ 60 ಡಿಗ್ರಿಗೆ ಒಂದರಂತೆ ಆರರ ಸರದಿ (ಫೇಸಿಂಗ್) ಇಟ್ಟಿರುತ್ತಾರೆ. ಅದನ್ನು ಗಾಡಿ ಮೇಲೆ ಮುಟ್ಟಲೇಬೇಡಿ.

ಡಿಪ್ಲೊಮಾ ಆಟೋ

ನಾನು ಬಿಡಿಭಾಗ ಕೇಳಲು ಬೆಂಗಳೂರಿನ ಜೆ.ಸಿ. ರೋಡ್‌ಗೆ ಹೋಗಿದ್ದೆ. ಮೈಕೋ ಅಂದರೆ ಬಾಷ್ ಡಬ್ಬಿ ಕೊಟ್ಟರು. ಎರಡೂ ಒಂದೇನಾ?

ದಾವಣಗೆರೆ ಗ್ಯಾರೇಜ್

ಒಂದೇ ತಮ್ಮ. ಮೈಕೋ 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು, ಆಡುಗೋಡಿಯ ಕಾರ್ಖಾನೆ ಅದರದ್ದೇ. 2008ರಲ್ಲಿ ಹೆಸರು ಬಾಷ್ ಲಿಮಿಟೆಡ್ ಆಯಿತು. ನಮ್ಮ ಬಾಯಲ್ಲಿ ಮಾತ್ರ ಇನ್ನೂ ಮೈಕೋ ಪಂಪ್. ಹೆಸರು ನೋಡಿ ತರಬೇಡ, ಪಂಪ್ ಮೇಲಿನ ಪ್ಲೇಟ್ ನಂಬರ್ ಬರೆದುಕೊಂಡು ಹೋಗು.

ಹಿರಿಯೂರು ಲಾರಿ (ಮುಂದಿನ ಗುರುವಾರ)

ಒಂದು ಪೂರ್ತಿ ಟ್ರಿಪ್ ಮುಗಿಸಿ ಬರೆಯುತ್ತಿದ್ದೇನೆ.

ಸ್ಲಾಟ್‌ನಲ್ಲೇ ಬಂತು. ಮೊದಲನೇ ಸಲ ಬಿಗಿ ಮಾಡಿದ ಮೇಲೆ ನೋಡಿದರೆ ಒಂದು ಡಿಗ್ರಿ ಜರುಗಿತ್ತು, ನೀವು ಹೇಳಿದ ಹಾಗೇ. ಇನ್ನೊಂದು ಸಲ ಇಟ್ಟೆವು. ಬೆಳಿಗ್ಗೆ ಆರಕ್ಕೆ ತಣ್ಣಗಿದ್ದ ಎಂಜಿನ್ ಅರ್ಧ ಸೆಲ್ಫ್‌ಗೆ ಹತ್ತಿತು. ಸ್ವಲ್ಪ ಹೊಗೆ ಬಂದು ಒಂದು ನಿಮಿಷದಲ್ಲಿ ನಿಂತಿತು. ಅಮ್ಮ ಒಳಗಿನಿಂದ "ಇವತ್ತು ಶಬ್ದ ಅಪ್ಪ ಓಡಿಸುವಾಗ ಇದ್ದ ಹಾಗಿದೆ" ಅಂದರು.

ಪಣಂಬೂರಿನಿಂದ ಗೊಬ್ಬರ ಹಾಕಿಕೊಂಡು ಶಿರಾಡಿ ಹತ್ತಿದೆ. ಆ ಹಳೇ ತಿರುವಿನಲ್ಲಿ ಮೂರನೇ ಗೇರ್ ಬಿಡಲಿಲ್ಲ. ಟೆಂಪರೇಚರ್ ಮುಳ್ಳು ಅರ್ಧಕ್ಕಿಂತ ಮೇಲೆ ಹೋಗಲಿಲ್ಲ. ಟ್ಯಾಂಕ್ ಫುಲ್ ಮಾಡಿ ಲೆಕ್ಕ ಹಾಕಿದೆ, 4.3.

ಟೈಮಿಂಗ್ ಇಟ್ಟ ಮೇಲೆ ಹಳೇ ಗೆರೆಯನ್ನು ಅರದಿಂದ ಉಜ್ಜಿ ತೆಗೆದೆವು. ಹೊಸ ಗೆರೆ ಉಳಿಯಿಂದ ಹೊಡೆದು, ಪಕ್ಕದಲ್ಲಿ ಹಳದಿ ಪೇಂಟ್‌ನಲ್ಲಿ ತಾರೀಖು ಬರೆದಿದ್ದೇವೆ. ಪಂಪ್ ಸರ್ವಿಸ್‌ನವರಿಗೂ ಫೋನ್ ಮಾಡಿ ಹೇಳಿದೆ. ಇನ್ನು ಮುಂದೆ ಹೌಸಿಂಗ್ ಬದಲಾಯಿಸಿದರೆ ಚೀಟಿ ಕಟ್ಟುತ್ತೇವೆ ಅಂದಿದ್ದಾರೆ.

ಘಾಟಿ ಡ್ರೈವರ್, ಸಕಲೇಶಪುರ

ಬಹಳ ಸಂತೋಷ ಆಯಿತು ತಮ್ಮ. ಆ ಸ್ವಾನ್ ನೆಕ್ ಪೈಪ್ ನಿನ್ನ ಹತ್ತಿರ ಇನ್ನೂ ಇದೆಯಾ? ನನ್ನ ಗಾಡಿಯನ್ನೂ ಒಂದು ಸಲ ಹನಿ ನೋಡಿಸೋಣ ಅಂತ.

ಹಿರಿಯೂರು ಲಾರಿ

ಇದೆ ಅಣ್ಣ. ಸೋಮವಾರ ಮತ್ತೆ ಮಂಗಳೂರಿಗೆ ಹೊರಟಿದ್ದೇನೆ. ಸಕಲೇಶಪುರದಲ್ಲಿ ಬೆಳಿಗ್ಗೆ ಚಹಾಕ್ಕೆ ನಿಲ್ಲಿಸುತ್ತೇನೆ, ಕೈಗೇ ಕೊಡುತ್ತೇನೆ. ಎಣ್ಣೆ ಕ್ಯಾನ್ ಮತ್ತು ಟೇಪ್ ನೀವು ರೆಡಿ ಇಟ್ಟುಕೊಳ್ಳಿ.